ಮಾವನ ಎಕ್ಸ್‌ಪಿ ಮಷಿನ್ ಕಣ್ಣು ಮುಚ್ಚುವ ಮುಂಚೆ ಲಗ್ನಪತ್ರಿಕೆಗಳನ್ನು ಹೊರಗೆ ತರುವುದು ಹೇಗೆ?

ಬೆಳ್ಳಂದೂರು_ಬವಣೆ ಕೇಳಿದ್ದು:

ಮೊದಲೇ ಹೇಳಿಬಿಡುತ್ತೇನೆ, ನಗಬೇಡಿ. ನನ್ನ ಹೊಟ್ಟೆಪಾಡೇ ಮೈಗ್ರೇಶನ್. ದೊಡ್ಡ ದೊಡ್ಡ ಕಂಪನಿಗಳ ಹಳೇ ಡೇಟಾವನ್ನು ಕ್ಲೌಡ್‌ಗೆ ಸಾಗಿಸುವ ತಂಡದಲ್ಲಿ ಹನ್ನೊಂದು ವರ್ಷದಿಂದ ಇದ್ದೇನೆ. ಆದರೆ ನಮ್ಮ ಸೋದರಮಾವನ ಅಂಗಡಿಯ ಒಂದೇ ಒಂದು ಕಂಪ್ಯೂಟರ್ ಮುಂದೆ ಮೂರು ಭಾನುವಾರ ಕೂತು, ಸೋತು ಮನೆಗೆ ಬಂದಿದ್ದೇನೆ.

ಮಾವನದು ಸುಲ್ತಾನ್‌ಪೇಟೆಯಲ್ಲಿ ಲಗ್ನಪತ್ರಿಕೆ ಅಂಗಡಿ. ಎಂಟಡಿ ಅಗಲ. ಮುಂದೆ ಕಾರ್ಡುಗಳ ರ‍್ಯಾಕು, ಹಿಂದೆ ಮರದ ಪಾರ್ಟಿಷನ್, ಅದರ ಹಿಂದೆ ಆ ಮಷಿನ್. ವಿಂಡೋಸ್ ಎಕ್ಸ್‌ಪಿ, ಪುಟ ಜೋಡಿಸುವ ಪೇಜ್‌ಮೇಕರ್ 7, ಕನ್ನಡಕ್ಕೆ ನುಡಿ ಫಾಂಟು, 40 ಜಿಬಿ ಹಾರ್ಡ್‌ಡಿಸ್ಕು. ಮಾನಿಟರ್ ಎರಡು ಸಲ ಬದಲಾಗಿದೆ, ಮೌಸ್ ಎಷ್ಟು ಸಲವೋ ಲೆಕ್ಕವಿಲ್ಲ. ಒಳಗಿನದ್ದು ಮಾತ್ರ ಹಾಗೇ ಇದೆ. ಪ್ರತಿ ಆಯುಧಪೂಜೆಗೆ ವಿಭೂತಿ, ಕುಂಕುಮ, ಒಂದು ಸೇವಂತಿಗೆ ಹಾರ. ಮಾವನ ಪ್ರಕಾರ ಅದೇ ಅದರ ಮೇಂಟೆನೆನ್ಸ್ ಕಾಂಟ್ರ್ಯಾಕ್ಟ್.

ಎಕ್ಸ್‌ಪಿಗೆ ಮೈಕ್ರೋಸಾಫ್ಟ್ ಕೈ ಎತ್ತಿದ್ದು 2014ರ ಏಪ್ರಿಲ್ 8ಕ್ಕೆ. ಇದನ್ನು ಮಾವನಿಗೆ ಎಷ್ಟೋ ಸಲ ಹೇಳಿದ್ದೇನೆ. "ಅವರು ಕೈ ಎತ್ತಿದ್ರೆ ನಮಗೇನಯ್ಯಾ, ನಾವು ಅವರ ಕೈ ಹಿಡಿದಿದ್ದಾದ್ರೂ ಯಾವಾಗ" ಅನ್ನುತ್ತಾರೆ. ನಿಜ. ಆ ಮಷಿನ್ ಇಂಟರ್ನೆಟ್ ಮುಖವನ್ನೇ ನೋಡಿಲ್ಲ.

ಇದರಿಂದ ನನಗೆ ಆಗಿರುವ ಮುಖಭಂಗವನ್ನೂ ಹೇಳಿಬಿಡುತ್ತೇನೆ. 2024ರ ಜುಲೈ 19. ಒಂದು ಸೆಕ್ಯುರಿಟಿ ಸಾಫ್ಟ್‌ವೇರ್‌ನ ಕೆಟ್ಟ ಅಪ್‌ಡೇಟ್‌ನಿಂದ ಲೋಕದ ಸುಮಾರು 85 ಲಕ್ಷ ವಿಂಡೋಸ್ ಕಂಪ್ಯೂಟರ್‌ಗಳು ನೀಲಿ ಪರದೆ ಹೊದ್ದು ಮಲಗಿದ ದಿನ. ನಮ್ಮ ಆಫೀಸಿನಲ್ಲಿ ಸಾಲು ಸಾಲು ಲ್ಯಾಪ್‌ಟಾಪ್ ನೀಲಿ. ಆವತ್ತು ಆಷಾಢ ಶುಕ್ರವಾರ. ಅಂಗಡಿಯಲ್ಲಿ ಕೆಲಸವಿಲ್ಲದೆ ಮಾವ ಟೀವಿ ನೋಡುತ್ತಿದ್ದರು. ಫೋನ್ ಮಾಡಿದರು. "ಏರ್‌ಪೋರ್ಟ್‌ನಲ್ಲಿ ಬೋರ್ಡಿಂಗ್ ಪಾಸ್ ಕೈಯಲ್ಲಿ ಬರೀತಾ ಇದಾರಂತಲ್ಲೋ. ಬೇಕಿದ್ರೆ ಹೇಳು, ಅಚ್ಚು ಹಾಕಿಸಿಕೊಡ್ತೀನಿ. ಸಾವಿರಕ್ಕಿಂತ ಕಮ್ಮಿ ಮಾಡಲ್ಲ."

ಈಗ ವಿಷಯಕ್ಕೆ ಬರುತ್ತೇನೆ. ಒಂದು ತಿಂಗಳಿಂದ ಆ ಡಿಸ್ಕು ಟಕ್ ಟಕ್ ಅನ್ನುತ್ತಿದೆ. ಮಾವನ ಡಯಾಗ್ನೋಸಿಸ್: "ಮಳೆ ಶುರುವಾಯ್ತಲ್ಲ, ಶೀತ ಆಗಿರುತ್ತೆ." ಒಳಗೆ ಇಪ್ಪತ್ತು ವರ್ಷದ ಲಗ್ನಪತ್ರಿಕೆಗಳಿವೆ. ನಾಮಕರಣ, ಗೃಹಪ್ರವೇಶ, ಉಪನಯನ, ವೈಕುಂಠ ಸಮಾರಾಧನೆ, ಎಲ್ಲ. ನಾಲ್ಕು ಸಾವಿರಕ್ಕೂ ಜಾಸ್ತಿ ಫೈಲು. ಹೆಸರುಗಳು ಹೀಗಿವೆ: "ಮೇಷ್ಟ್ರ ಮಗಳು", "ಮೇಷ್ಟ್ರ ಮಗಳು ಫೈನಲ್", "ಮೇಷ್ಟ್ರ ಮಗಳು ಫೈನಲ್ ಇದೇ", "ಮೇಷ್ಟ್ರು ಬೈದ ಮೇಲೆ".

ಕೆಲವನ್ನು ಪೆನ್‌ಡ್ರೈವಿಗೆ ಹಾಕಿಕೊಂಡು ಬಂದು ನನ್ನ ಲ್ಯಾಪ್‌ಟಾಪಿನಲ್ಲಿ ಲಿಬ್ರೆಆಫೀಸ್ ಡ್ರಾ ಬಳಸಿ ತೆರೆದೆ. ತೆರೆಯಿತು. ಆದರೆ "ಕನ್ನಡ" ಅನ್ನುವ ಪದ ಇರಬೇಕಾದ ಕಡೆ ಏನಿತ್ತು ಗೊತ್ತಾ? ದೊಡ್ಡ ಪಿ. ತಲೆ ಮೇಲೆ ಓರೆ ಗೆರೆ ಇಟ್ಟುಕೊಂಡ ದೊಡ್ಡ ಎ. ಇಂಗ್ಲೆಂಡಿನ ಪೌಂಡ್ ಗುರುತು. ಮತ್ತೆ ಅದೇ ಓರೆ ಗೆರೆಯ ಎ. ಜರ್ಮನ್ನರ ಡಬಲ್ ಎಸ್. ಸಣ್ಣ ಕ್ಯೂ. ಕೊನೆಗೆ ಇನ್ನೊಂದು ಓರೆ ಗೆರೆಯ ಎ. ಸುಲ್ತಾನ್‌ಪೇಟೆಯಿಂದ ಹೊರಟ ಪತ್ರಿಕೆ ಯುರೋಪ್ ಸುತ್ತಿಕೊಂಡು ಬಂದ ಹಾಗಿತ್ತು.

ಇದನ್ನು ಯೂನಿಕೋಡ್‌ಗೆ, ಅಂದರೆ ಈಗ ಎಲ್ಲ ಮಷಿನ್‌ಗೂ ಗೊತ್ತಿರುವ ಅಕ್ಷರ ಸಂಕೇತಕ್ಕೆ, ಬದಲಾಯಿಸುವ ಆನ್‌ಲೈನ್ ಕನ್ವರ್ಟರ್ ಒಂದಕ್ಕೆ ಹಾಕಿದೆ. ಬಹುಪಾಲು ಸರಿ ಬಂತು. ಆದರೆ "ಮುಹೂರ್ತ" ಹೋಗಿ "ಮುಹೂತರ್" ಆಯಿತು. "ಆಶೀರ್ವಾದ" ಹೋಗಿ "ಆಶೀವಾರ್ದ" ಆಯಿತು. ಮಾವನಿಗೆ ತೋರಿಸಿದೆ, ನನ್ನ ಬುದ್ಧಿಗೆ ಏನಾಗಿತ್ತೋ. ಕನ್ನಡಕ ಏರಿಸಿ ಓದಿದರು. "ಇದನ್ನ ಅಚ್ಚು ಹಾಕಿದ್ರೆ ಹುಡುಗಿ ಕಡೆಯವರು ನನ್ನನ್ನೇ ಅಚ್ಚು ಹಾಕ್ತಾರೆ" ಅಂದರು.

ನನ್ನ ಪ್ರಶ್ನೆ ಇಷ್ಟು. ಡಿಸ್ಕನ್ನು ಉಳಿಸಿಕೊಳ್ಳುವುದು ಹೇಗೆ? ಅಷ್ಟೂ ಫೈಲುಗಳನ್ನು ತಪ್ಪಿಲ್ಲದೆ ಯೂನಿಕೋಡ್‌ಗೆ ತರುವ ದಾರಿ ಇದೆಯಾ? ಮಾವನನ್ನು ಒಪ್ಪಿಸುವುದು ಹೇಗೆ ಅನ್ನುವುದಕ್ಕೂ ಯಾರಾದರೂ ಉತ್ತರ ಕೊಟ್ಟರೆ ಪುಣ್ಯ ಬರುತ್ತದೆ.

ಎಸ್‌ಪಿ_ರೋಡ್_ಅಲೆಮಾರಿ:

ಗುರು, ಮೊದಲು ಮಷಿನ್ ಆಫ್ ಮಾಡಿಸು. ಉಳಿದದ್ದನ್ನು ಆಮೇಲೆ ಓದು.

ಟಕ್ ಟಕ್ ಅಂದರೆ ಶೀತ ಅಲ್ಲ. ಡಿಸ್ಕಿನ ಒಳಗೆ ಓದುವ ತಲೆ ತಾನು ಎಲ್ಲಿದ್ದೇನೆ ಅಂತ ಗೊತ್ತಾಗದೆ ಹಿಂದಕ್ಕೂ ಮುಂದಕ್ಕೂ ಹೊಡೆದುಕೊಳ್ಳುತ್ತಿರುತ್ತದೆ. ನೀನು ಅದರ ಮುಂದೆ ಕೂತು ಒಂದೊಂದೇ ಫೈಲು ಕಾಪಿ ಮಾಡುತ್ತಾ ಇದ್ದರೆ, ಉಬ್ಬಸ ಬಂದವನನ್ನು ಮೆಟ್ಟಿಲು ಹತ್ತಿಸಿದ ಹಾಗೆ.

ಆ ಕಾಲದ 40 ಜಿಬಿ ಅಂದರೆ ಐಡಿಇ ಅನ್ನುವ ಹಳೇ ಜೋಡಣೆಯ ಡಿಸ್ಕೇ ಇರಬೇಕು. ಅಗಲ ರಿಬ್ಬನ್ ಕೇಬಲ್ ಇದ್ದರೆ ಅದೇ. ಐಡಿಇಯಿಂದ ಯುಎಸ್‌ಬಿಗೆ ಹೋಗುವ ಕನ್ವರ್ಟರ್ ಎಸ್‌ಪಿ ರೋಡಿನಲ್ಲಿ ಈಗಲೂ ಸಿಗುತ್ತದೆ, ಅಂಗಡಿಯಿಂದ ನಡೆದೇ ಹೋಗಬಹುದು. ಕಾರು ತೆಗೆದುಕೊಂಡು ಹೋಗಬೇಡ. ಪಾರ್ಕಿಂಗ್ ಸಿಗುವಷ್ಟರಲ್ಲಿ ಡಿಸ್ಕು ಸತ್ತಿರುತ್ತದೆ. ಕನ್ವರ್ಟರ್ ಮಾತ್ರ ತೆಗೆದುಕೋ. ಡಿಸ್ಕನ್ನು ಅಲ್ಲಿ ಯಾರ ಕೈಗೂ ಕೊಡಬೇಡ. ಕೆಲವರ ಹತ್ತಿರ ಎಲ್ಲ ರೋಗಕ್ಕೂ ಒಂದೇ ಔಷಧಿ ಇರುತ್ತದೆ: "ಫಾರ್ಮ್ಯಾಟ್ ಹೊಡೆದುಬಿಡೋಣ ಸಾರ್."

ನಿನ್ನ ಲ್ಯಾಪ್‌ಟಾಪನ್ನು ವಿಂಡೋಸ್ ಬದಲು ಪೆನ್‌ಡ್ರೈವ್ ಲಿನಕ್ಸ್‌ನಲ್ಲಿ ಶುರು ಮಾಡಿ ಡಿಡಿರೆಸ್ಕ್ಯೂ ಅನ್ನುವ ಪ್ರೋಗ್ರಾಂ ಓಡಿಸು. ಅದರ ಗುಣ ಏನೆಂದರೆ ಸುಲಭವಾಗಿ ಓದಲು ಬರುವ ಜಾಗವನ್ನೆಲ್ಲ ಮೊದಲು ಎತ್ತಿಕೊಳ್ಳುತ್ತದೆ. ಕೆಟ್ಟಿರುವ ಜಾಗಕ್ಕೆ ಕೊನೆಯಲ್ಲಿ ಮತ್ತೆ ಮತ್ತೆ ಹೋಗುತ್ತದೆ. ಎಲ್ಲಿಯವರೆಗೆ ಬಂದೆ ಅನ್ನುವ ಲೆಕ್ಕವನ್ನೂ ಒಂದು ಫೈಲಿನಲ್ಲಿ ಇಟ್ಟಿರುತ್ತದೆ, ಹಾಗಾಗಿ ಮಧ್ಯೆ ಕರೆಂಟ್ ಹೋದರೂ ಮೊದಲಿಂದ ಶುರು ಮಾಡಬೇಕಿಲ್ಲ. ಪೂರ್ತಿ ಡಿಸ್ಕಿನ ಪಡಿಯಚ್ಚು ಒಂದು ದೊಡ್ಡ ಫೈಲಾಗಿ ಬರುತ್ತದೆ. ಅದನ್ನು ಎರಡು ಕಡೆ ಇಡು. ಕೆಲಸವೆಲ್ಲ ಪಡಿಯಚ್ಚಿನ ಮೇಲೆ. ಮೂಲ ಡಿಸ್ಕನ್ನು ಮತ್ತೆ ಮುಟ್ಟಬೇಡ.

ಪಡಿಯಚ್ಚನ್ನು ವರ್ಚುವಲ್‌ಬಾಕ್ಸ್‌ಗೆ, ಅಂದರೆ ಕಂಪ್ಯೂಟರಿನೊಳಗೆ ಇನ್ನೊಂದು ಕಂಪ್ಯೂಟರ್ ನಡೆಸುವ ಸಾಫ್ಟ್‌ವೇರ್‌ಗೆ, ಕೊಟ್ಟರೆ ಎಕ್ಸ್‌ಪಿ ಹೊಸ ಕಂಪ್ಯೂಟರಿನ ಕಿಟಕಿಯೊಳಗೇ ಏಳುತ್ತದೆ. ಏಳುವಾಗ ನೀಲಿ ಪರದೆ ಬಂದು ಕೊನೆಯಲ್ಲಿ 7ಬಿ ಅಂತ ಕಾಣಿಸಿದರೆ ಹೆದರಬೇಡ. ಡಿಸ್ಕನ್ನು ಹೊಸ ಥರದ ಸಾಟಾ ಬದಲು ಹಳೇ ಐಡಿಇ ಕಂಟ್ರೋಲರ್ ಕೆಳಗೆ ಸಿಕ್ಕಿಸಿ ನೋಡು. ನೆಟ್‌ವರ್ಕ್ ಆಫ್ ಇರಲಿ. ಇಪ್ಪತ್ತು ವರ್ಷ ಊರ ಹೊರಗೆ ಕಾಲಿಡದ ಮಷಿನ್ನನ್ನು ಈಗ ಪೇಟೆಗೆ ಬಿಟ್ಟರೆ ಸಂಜೆಯೊಳಗೆ ಜೇಬು ಖಾಲಿಯಾಗಿರುತ್ತದೆ.

ಪೆಂಗ್ವಿನ್_ಬಳಗ:

ಇದಕ್ಕೆ ಇಷ್ಟು ಗೋಳಾಟ ಯಾಕೆ? ಮಾವನಿಗೆ ಲಿನಕ್ಸ್ ಹಾಕಿಕೊಡಿ. ಅವರ ಕೈಗೆ ಕೂತಿರುವ ಕೀಲಿಮಣೆಯೂ ಅದರಲ್ಲಿ ಮೊದಲೇ ಇದೆ, "ಕಗಪ" ಅನ್ನುವ ಹೆಸರಿನಲ್ಲಿ. ಕನ್ನಡ ಗಣಕ ಪರಿಷತ್ತಿನ ಮೊದಲಕ್ಷರಗಳು. ಕೆ.ಪಿ. ರಾವ್ ಅವರ ವಿನ್ಯಾಸವೇ ಅದರ ಬುಡ. ಬಹಳ ಜನಕ್ಕೆ ಇದು ಗೊತ್ತೇ ಇಲ್ಲ. ಪುಟ ವಿನ್ಯಾಸಕ್ಕೆ ಸ್ಕ್ರೈಬಸ್. ಒಂದು ಪೈಸೆ ಖರ್ಚಿಲ್ಲ.

ಎಸ್‌ಪಿ_ರೋಡ್_ಅಲೆಮಾರಿ:

@ಪೆಂಗ್ವಿನ್_ಬಳಗ ಬಂದ್ರಾ ಸ್ವಾಮಿ. ಇಷ್ಟು ಹೊತ್ತಾದರೂ ಬರಲಿಲ್ಲವಲ್ಲ ಅಂತ ಕಾಯುತ್ತಿದ್ದೆ. ಕೀಲಿಮಣೆ ವಿಷಯ ಒಳ್ಳೆಯದು, ಅದನ್ನು ಒಪ್ಪಿದೆ.

ಪ್ರಾಂಪ್ಟ್_ಪಂಡಿತ:

2025 ದಾಟಿದ ಮೇಲೂ ಜನ ಕನ್ವರ್ಟರ್ ಬಗ್ಗೆ ಮಾತಾಡುತ್ತಿದ್ದಾರೆ! ಪ್ರತಿ ಪತ್ರಿಕೆಯ ಸ್ಕ್ರೀನ್‌ಶಾಟ್ ತೆಗೆದು ಎಐಗೆ ಕೊಡಿ, ಶುದ್ಧ ಕನ್ನಡದಲ್ಲಿ ಟೈಪ್ ಮಾಡಿಕೊಡುತ್ತದೆ. ಒಂದು ಸ್ಕ್ರಿಪ್ಟ್ ಬರೆದರೆ ನಾಲ್ಕು ಸಾವಿರವೂ ರಾತ್ರಿ ಬೆಳಗಾಗುವುದರಲ್ಲಿ ಮುಗಿಯುತ್ತದೆ. ನೆಕ್ಸ್ಟ್.

ಮೊಳೆ_ಜೋಡಿಸಿದವ:

ತಮ್ಮಾ, ನಾನು ಸ್ವಲ್ಪ ಉದ್ದ ಬರೆಯುತ್ತೇನೆ. ಕಾಫಿ ತೊಗೊಂಡು ಬಂದು ಓದು.

ನಾನು ಚಾಮರಾಜಪೇಟೆಯ ಒಂದು ಪ್ರೆಸ್ಸಿನಲ್ಲಿ ಮೊಳೆ ಜೋಡಿಸುವ ಹುಡುಗನಾಗಿ ಸೇರಿದವನು. ಸೀಸದ ಮೊಳೆ. ಎದುರಿಗೆ ಓರೆಯಾಗಿ ನಿಲ್ಲಿಸಿದ ದೊಡ್ಡ ಮರದ ಪೆಟ್ಟಿಗೆ, ಅದರ ತುಂಬ ಖಾನೆಗಳು. ಇಂಗ್ಲಿಷಿನವನಿಗೆ ಇಪ್ಪತ್ತಾರು ಅಕ್ಷರ, ದೊಡ್ಡದು ಚಿಕ್ಕದು ಸೇರಿ ಮುಗಿಯಿತು. ನಮಗೆ ಅಕ್ಷರ ಬೇರೆ, ಒತ್ತು ಬೇರೆ, ಗುಡಿಸು, ಕೊಂಬು, ಏತ್ವ, ಅರ್ಕಾವತ್ತು ಎಲ್ಲಕ್ಕೂ ಜಾಗ ಬೇಕು. ಆರು ತಿಂಗಳು ಬೆರಳಿಗೆ ದಾರಿ ಗೊತ್ತಾಗಲಿಲ್ಲ. ಸಂಜೆ ಬಳಸಿದ ಮೊಳೆಗಳನ್ನು ವಾಪಸ್ ಅದದೇ ಖಾನೆಗೆ ಹಾಕಬೇಕು. ತಪ್ಪಿದರೆ ಮಾರನೇ ದಿನ "ಮದುವೆ" ಹೋಗಿ "ವದುಮೆ" ಆಗುತ್ತಿತ್ತು. ಆಮೇಲೆ ತೊಂಬತ್ತರ ದಶಕದಲ್ಲಿ ಡಿಟಿಪಿ, ಅಂದರೆ ಕಂಪ್ಯೂಟರಿನಲ್ಲೇ ಪುಟ ಜೋಡಿಸುವುದು, ಬಂತು. ಮಾಲೀಕರು ನಮ್ಮನ್ನೆಲ್ಲ ಏಸಿ ಕೋಣೆಯಲ್ಲಿ ಕೂರಿಸಿದರು. ಏಸಿ ನಮಗಲ್ಲ, ಕಂಪ್ಯೂಟರಿಗೆ. ನಾವು ಚಪ್ಪಲಿ ಹೊರಗೆ ಬಿಟ್ಟು ಹೋಗಬೇಕಿತ್ತು.

ಇದನ್ನು ಯಾಕೆ ಹೇಳಿದೆ ಅಂದರೆ, ನಿನ್ನ ಯುರೋಪ್ ಪ್ರವಾಸದ ಗುಟ್ಟು ಇಲ್ಲೇ ಇದೆ. ಮಾವನ ನುಡಿ ಫಾಂಟು ಅಂದರೆ ಕಂಪ್ಯೂಟರಿನ ಒಳಗೆ ಇಟ್ಟ ಮೊಳೆ ಪೆಟ್ಟಿಗೆ, ಅಷ್ಟೇ. ಆಗಿನ ಫಾಂಟಿನಲ್ಲಿ ಇದ್ದದ್ದು ಇನ್ನೂರೈವತ್ತು ಚಿಲ್ಲರೆ ಮನೆ. ಅವೆಲ್ಲ ಇಂಗ್ಲಿಷು, ಫ್ರೆಂಚು, ಜರ್ಮನ್‌ಗೆ ಅಲಾಟ್ ಆಗಿದ್ದ ಮನೆಗಳು. ನಮ್ಮವರು ಹೊರಗಿನ ಬೋರ್ಡು ಹಾಗೇ ಬಿಟ್ಟು ಒಳಗೆ ಕನ್ನಡದ ಚೂರುಗಳನ್ನು ಕೂರಿಸಿದರು. ದೊಡ್ಡ ಪಿ ಮನೆಯಲ್ಲಿ ತಲೆಕಟ್ಟಿಲ್ಲದ ಕ. ಓರೆ ಗೆರೆಯ ಎ ಮನೆಯಲ್ಲಿ ತಲೆಕಟ್ಟು. ಪೌಂಡಿನ ಮನೆಯಲ್ಲಿ ನ. ಜರ್ಮನ್ ಮನೆಯಲ್ಲಿ ನ ಒತ್ತು. ಸಣ್ಣ ಕ್ಯೂ ಮನೆಯಲ್ಲಿ ಡ. ಈಗ ನೀನು ನೋಡಿದ್ದನ್ನು ಮತ್ತೆ ಓದು. ಪಿ, ಓರೆ ಎ: ಕ. ಪೌಂಡು, ಓರೆ ಎ, ಜರ್ಮನ್ನು: ನ್ನ. ಕ್ಯೂ, ಓರೆ ಎ: ಡ. ಏಳು ಮೊಳೆ ಜೋಡಿಸಿದರೆ "ಕನ್ನಡ". ಫಾಂಟು ಇದ್ದರೆ ಒಳಗಿನವರು ಕಾಣುತ್ತಾರೆ. ಇಲ್ಲದಿದ್ದರೆ ಬೋರ್ಡು ಮಾತ್ರ ಕಾಣುತ್ತದೆ.

ಯೂನಿಕೋಡಿನಲ್ಲಿ ಹಾಗಲ್ಲ. ಕನ್ನಡಕ್ಕೇ ಅಂತ 128 ಸೈಟು ಬಿಟ್ಟಿದ್ದಾರೆ, ಇನ್ನೂ ಕೆಲವು ಖಾಲಿ ಇವೆ, ಲೇಔಟ್ ಆದ ಮೇಲೂ ಮನೆ ಕಟ್ಟದೆ ಬಿಟ್ಟ ಹಾಗೆ. ಅಲ್ಲಿ ಬರೆದಿಡುವುದು ಉಚ್ಚಾರದ ಕ್ರಮ. ಕ, ನ, ಹಲಂತ, ನ, ಡ. ಐದೇ. ತಲೆಕಟ್ಟು ಎಲ್ಲಿ, ಒತ್ತು ಎಲ್ಲಿ ಅನ್ನುವುದನ್ನು ತೆರೆಯ ಮೇಲೆ ಬಿಡಿಸುವವನು ನೋಡಿಕೊಳ್ಳುತ್ತಾನೆ. ಆಗ ನನ್ನ ಬೆರಳು ಮಾಡುತ್ತಿದ್ದ ಕೆಲಸ ಅದು.

ಈಗ "ಮುಹೂತರ್" ಹೇಗಾಯಿತು ಅಂತ ಗೊತ್ತಾಯಿತಾ? ನಾವು ಬಾಯಲ್ಲಿ ಹೇಳುವಾಗ ರ್ ಮೊದಲು, ತ ಆಮೇಲೆ. ಅಚ್ಚಿನಲ್ಲಿ ಅರ್ಕಾವತ್ತು ತ ಆದ ಮೇಲೆ ಕೂರುತ್ತದೆ. ಹಳೇ ಫೈಲಿನಲ್ಲಿ ಕಣ್ಣಿಗೆ ಕಂಡ ಕ್ರಮವೇ ಇದೆ. ಒಳ್ಳೆಯ ಕನ್ವರ್ಟರ್ ಆ ರ್ ಅನ್ನು ಹಿಂದಕ್ಕೆ ಎಳೆದು ತ ಮುಂದೆ ಇಡಬೇಕು. ನಿನ್ನದು ಎಳೆಯಲಿಲ್ಲ. ಬೇರೆ ಕನ್ವರ್ಟರ್ ಹುಡುಕು, ಸರಿಯಾಗಿ ಎಳೆಯುವವೂ ಇವೆ. ಆದರೆ ಲಗ್ನಪತ್ರಿಕೆ ಅಂದರೆ ಅರ್ಕಾವತ್ತಿನ ಜಾತ್ರೆ. ಮುಹೂರ್ತ, ಆಶೀರ್ವಾದ, ಕಾರ್ಯಕ್ರಮ, ಪೂರ್ವಕ. ಇನ್ನೊಂದು ತರಲೆ ಹೇಳುತ್ತೇನೆ. ಕೆಲವು ಹಿರಿಯರಿಗೆ "ಕಾರ್ಯ" ಆಗುವುದಿಲ್ಲ, "ಕಾರ‍್ಯ" ಅಂತ ಯ ಒತ್ತಾಗಿ ಕೆಳಗೆ ಬರಬೇಕು. ಮೊಳೆಯಲ್ಲಿ ಅದು ಎರಡು ಸೆಕೆಂಡಿನ ಕೆಲಸ. ಯೂನಿಕೋಡಿನಲ್ಲಿ ಕಣ್ಣಿಗೆ ಕಾಣದ ಒಂದು ಅಕ್ಷರವನ್ನು ಮಧ್ಯೆ ತುರುಕಬೇಕು. ಕಾಣದ ಅಕ್ಷರದ ಬಗ್ಗೆ ನಿಮ್ಮ ಮಾವನಿಗೆ ಹೇಳಿ ನೋಡು, ಮಂತ್ರವಾದಿಯ ಹತ್ತಿರ ಕರೆದುಕೊಂಡು ಹೋಗುತ್ತಾರೆ.

ಅದಕ್ಕೇ ನನ್ನ ಸಲಹೆ: ನಾಲ್ಕು ಸಾವಿರವನ್ನು ಕನ್ವರ್ಟ್ ಮಾಡಬೇಡ.

ಯಾಕೆ ಬೇಕು ಹೇಳು? ಮೇಷ್ಟ್ರ ಮಗಳ ಮದುವೆ ಮುಗಿದು ಅವಳ ಮಕ್ಕಳು ಈಗ ಹೈಸ್ಕೂಲಿನಲ್ಲಿರುತ್ತಾರೆ. ಆ ಪತ್ರಿಕೆಯನ್ನು ಯಾರೂ ಮತ್ತೆ ಅಚ್ಚು ಹಾಕಿಸುವುದಿಲ್ಲ. ಯಾರಾದರೂ "ನಮ್ಮ ಅಕ್ಕನ ಮದುವೆಯದ್ದು ಇದೆಯಾ" ಅಂತ ಕೇಳಿದರೆ ನೋಡಲು ಸಿಕ್ಕರೆ ಸಾಕು. ಅದಕ್ಕೆ ಎಲ್ಲವನ್ನೂ ಎಕ್ಸ್‌ಪಿಯ ಒಳಗಿಂದಲೇ ಪಿಡಿಎಫ್ ಮಾಡಿಬಿಡು. ಫಾಂಟು ಪಿಡಿಎಫ್ ಒಳಗೇ ಸೇರಿಕೊಳ್ಳುತ್ತದೆ, ಯಾವ ಮಷಿನ್‌ನಲ್ಲೂ ಬೋರ್ಡಿನ ಬದಲು ಒಳಗಿನವರೇ ಕಾಣುತ್ತಾರೆ. ಹುಡುಕಲು ಬರುವುದಿಲ್ಲ, ಬೇಡ. ಮಾವನ ಫೈಲ್ ಹೆಸರುಗಳೇ ಸಾಕು.

ನನ್ನ ಅನುಭವದಲ್ಲಿ ಇಂಥ ಅಂಗಡಿಯಲ್ಲಿ ನಿಜವಾಗಿ ಇರುವುದು ಹತ್ತು ಹನ್ನೆರಡು ಪತ್ರಿಕೆ. ಉಳಿದದ್ದೆಲ್ಲ ಅವುಗಳ ಮೇಲೆ ಹೆಸರು, ತಾರೀಖು, ಛತ್ರ ಬದಲಾಯಿಸಿದ್ದು. ಯಾವ ಮನೆತನದವರಿಗೆ ಯಾವ ದೇವರ ಹೆಸರು ಮೇಲೆ ಬರಬೇಕು, ಯಾರ ಕಡೆ ಸೋದರಮಾವನ ಹೆಸರು ಮೊದಲು, ತೀರಿಕೊಂಡವರ ಹೆಸರಿನ ಹಿಂದೆ ಏನು ಹಾಕಬೇಕು, ಇದು ಅವರ ತಲೆಯಲ್ಲಿದೆ. ಅದಕ್ಕೆ ಯಾವ ಬ್ಯಾಕಪ್ಪೂ ಇಲ್ಲ. ಹಾಗಾಗಿ ಹತ್ತಿರ ಕೂತು "ಮಾವ, ದಿನಾ ಬಳಸೋದು ಯಾವುದು" ಅಂತ ಕೇಳು. ಆ ಹತ್ತು ಹನ್ನೆರಡನ್ನು ಯೂನಿಕೋಡಿನಲ್ಲಿ ಹೊಸದಾಗಿ ಟೈಪ್ ಮಾಡಿಸು. ಅವರ ಕೈಯಲ್ಲೇ ಮಾಡಿಸು, ನೀನು ಮಾಡಬೇಡ. ಅವರ ಬೆರಳಿಗೆ ಗೊತ್ತಿರುವ ಕೀಲಿಮಣೆಯನ್ನೇ ಹಾಕಿಕೊಡು, ಪೆಂಗ್ವಿನ್ ಸ್ವಾಮಿಗಳು ಹೇಳಿದ ಹಾಗೆ.

ಯಾವಾಗ ಅಂತೀಯಾ? ನಿಮ್ಮ ಆಫೀಸಿನಲ್ಲಿ ಡೌನ್‌ಟೈಮ್ ಕೇಳಲು ಎಷ್ಟು ಮೀಟಿಂಗ್ ಮಾಡುತ್ತೀರೋ ನನಗೆ ಗೊತ್ತಿಲ್ಲ. ಲಗ್ನಪತ್ರಿಕೆ ಅಂಗಡಿಗೆ ಪಂಚಾಂಗವೇ ಡೌನ್‌ಟೈಮ್ ಕೊಡುತ್ತದೆ. ಆಷಾಢ ಬರುತ್ತಿದೆ. ಒಂದು ತಿಂಗಳು ಮದುವೆ ಇಲ್ಲ. ಕೆಲಸವಿಲ್ಲದೆ ಮಾವನಿಗೂ ಬೇಜಾರು. ಆಗ ಹಿಡಿ.

ಪ್ರಾಂಪ್ಟ್ ಪಂಡಿತರಿಗೂ ಒಂದು ಮಾತು. ನಾನೂ ಮಾಡಿ ನೋಡಿದ್ದೇನೆ ಸಾರ್. ಹಳೇ ಪತ್ರಿಕೆಯ ಫೋಟೋ ಕೊಟ್ಟೆ. ಎಷ್ಟು ಚೆನ್ನಾಗಿ ಟೈಪ್ ಮಾಡಿತು ಅಂದರೆ, ಒಂದು ಕಾಗುಣಿತ ತಪ್ಪಿಲ್ಲ. ಆದರೆ "ಪುಟ್ಟತಾಯಮ್ಮ" ಇದ್ದದ್ದು "ಪುಟ್ಟಮ್ಮ" ಆಗಿತ್ತು. ಕನ್ವರ್ಟರ್ ತಪ್ಪು ಮಾಡಿದರೆ "ಮುಹೂತರ್" ಅಂತ ಕಣ್ಣಿಗೆ ಹೊಡೆಯುತ್ತದೆ, ದಾರಿಯಲ್ಲಿ ಹೋಗುವವನೂ ಹಿಡಿಯುತ್ತಾನೆ. ಪುಟ್ಟಮ್ಮನನ್ನು ಯಾರು ಹಿಡಿಯುತ್ತಾರೆ? ಪುಟ್ಟತಾಯಮ್ಮನವರೇ ಹಿಡಿಯಬೇಕು, ಐನೂರು ಪತ್ರಿಕೆ ಹಂಚಿದ ಮೇಲೆ. ಪ್ರೂಫ್ ನೋಡುವವನಿಗೆ ಒರಟು ತಪ್ಪು ನೆಂಟ, ನಯವಾದ ತಪ್ಪು ಶತ್ರು.

ಕೊನೆಗೆ ಮಾವನನ್ನು ಒಪ್ಪಿಸುವ ವಿಷಯ. ಅವರು ಹಟಮಾರಿ ಅಂತ ನಿನಗೆ ಅನ್ನಿಸಿದೆ. ನನಗೆ ಹಾಗೆ ಕಾಣುವುದಿಲ್ಲ. ಪೇಜ್‌ಮೇಕರ್ 7 ಬಂದದ್ದು 2001ರಲ್ಲಿ. ಅಡೋಬಿ ಅದಕ್ಕೆ ಎಳ್ಳುನೀರು ಬಿಟ್ಟದ್ದು 2004ರಲ್ಲಿ. ಅದೇ ಕಂಪನಿಯ ಈಗಿನ ಇನ್‌ಡಿಸೈನ್ ಪೇಜ್‌ಮೇಕರ್ ಫೈಲನ್ನು ತೆರೆಯುವುದೂ ಇಲ್ಲ. ಮೊಮ್ಮಗ ತಾತನ ಗುರುತು ಹಿಡಿಯದ ಹಾಗೆ. 2013ರಿಂದ ಹೊಸದನ್ನು ಬಾಡಿಗೆಗೆ ಮಾತ್ರ ಕೊಡುತ್ತಾರೆ, ತಿಂಗಳು ತಿಂಗಳು ಕಟ್ಟಬೇಕು. ಬೆಂಗಳೂರಿನ ಮನೆ ಮಾಲೀಕರ ಥರ ಹತ್ತು ತಿಂಗಳ ಅಡ್ವಾನ್ಸ್ ಕೇಳಿಲ್ಲ, ಅದೊಂದು ಪುಣ್ಯ. ಮಾವ ಸ್ವಂತ ಮನೆಯಲ್ಲಿದ್ದಾರೆ. ಸೋರುತ್ತಿದೆ, ಗೋಡೆ ಬಿರುಕು ಬಿಟ್ಟಿದೆ, ಆದರೆ ಸ್ವಂತದ್ದು. ನೀನು ಹೋಗಿ "ಅಪ್‌ಗ್ರೇಡ್" ಅಂದರೆ ಅವರ ಕಿವಿಗೆ "ಮನೆ ಖಾಲಿ ಮಾಡಿ" ಅಂತ ಕೇಳಿಸುತ್ತದೆ. ಆ ಪದವನ್ನೇ ಎತ್ತಬೇಡ. "ಡಿಸ್ಕಿಗೆ ಶೀತ ಆಗಿದೆ, ಡಾಕ್ಟರ ಹತ್ತಿರ ತೋರಿಸಿಕೊಂಡು ಬರ್ತೀನಿ" ಅಂತ ಎತ್ತಿಕೊಂಡು ಬಾ.

ಕೊಂಬು_ಕೊಕ್ಕೆ:

ಎಲ್ಲರೂ ಇಂಥ ಹಳೇ ಫಾಂಟಿನ ಕನ್ನಡವನ್ನು "ಆಸ್ಕಿ ಕನ್ನಡ" ಅನ್ನುತ್ತಾರೆ. ಆಸ್ಕಿ ಅಂದರೆ ಕಂಪ್ಯೂಟರಿನ ಹಳೇ ಇಂಗ್ಲಿಷ್ ಅಕ್ಷರ ಪಟ್ಟಿ, ಅದರಲ್ಲಿ ಇರುವುದೇ 128 ಗುರುತು. ಓರೆ ಗೆರೆಯ ಎ, ಪೌಂಡು, ಜರ್ಮನ್ ಎಸ್ ಯಾವುದೂ ಅದರಲ್ಲಿ ಇಲ್ಲ. ಮೊಳೆಯವರು ಆ ಪದ ಬಳಸಲೇ ಇಲ್ಲ, ಅದಕ್ಕೆ ಅವರಿಗೆ ನಮಸ್ಕಾರ.

ಆದರೆ ಯೂನಿಕೋಡನ್ನು ತೀರಾ ಸಾಚಾ ಅಂದುಕೊಳ್ಳಬೇಡಿ. ಬಿಡಿಸುವವನು ಎಡವಿದರೆ ಏನಾಗುತ್ತದೆ ಅನ್ನುವುದಕ್ಕೆ 2018ರ ಫೆಬ್ರವರಿ ನೆನಪಿಸಿಕೊಳ್ಳಿ. ತೆಲುಗಿನ ಒಂದು "ಜ್ಞಾ" ಮೆಸೇಜಿನಲ್ಲಿ ಬಂದರೆ ಸಾಕು, ಐಫೋನಿನ ಆಪ್ ದೊಪ್ಪನೆ ಬೀಳುತ್ತಿತ್ತು. ಅದಕ್ಕೇ ಅಂತ ಆಪಲ್ ಒಂದು ಅಪ್‌ಡೇಟ್ ಬಿಟ್ಟಿತು. ಒಂದು ಒತ್ತಕ್ಷರ ಅಷ್ಟು ದೊಡ್ಡ ಕಂಪನಿಯನ್ನು ಮಂಡಿಯೂರಿಸಿದ್ದನ್ನು ನೋಡಿ ನನಗಂತೂ ಒಳಗೊಳಗೇ ಖುಷಿಯಾಗಿತ್ತು.

ಬೆಳ್ಳಂದೂರು_ಬವಣೆ:

ಎರಡು ವಾರದ ನಂತರ ಬಂದಿದ್ದೇನೆ. ಏನಾಯಿತು ಹೇಳುತ್ತೇನೆ.

"ಡಾಕ್ಟರ್" ಅಂದ ತಕ್ಷಣ ಮಾವ ಡಿಸ್ಕು ಕೊಟ್ಟರು. ಅವರೇ ಹಳೇ ಕಾರ್ಡುಗಳ ರಟ್ಟಿನ ಡಬ್ಬದಲ್ಲಿ ಹತ್ತಿ ಸುತ್ತಿ ಇಟ್ಟುಕೊಟ್ಟರು. ಡಿಡಿರೆಸ್ಕ್ಯೂ ರಾತ್ರಿಯಿಡೀ ಓಡಿತು. ಹೆಚ್ಚುಕಡಿಮೆ ಎಲ್ಲ ಬಂತು. ಕೆಟ್ಟ ಜಾಗ ಇದ್ದದ್ದು ಪುಣ್ಯಕ್ಕೆ ಯಾರೋ ಹಾಕಿಟ್ಟಿದ್ದ ಹಾಡುಗಳ ಫೋಲ್ಡರ್‌ನಲ್ಲಿ. ವರ್ಚುವಲ್‌ಬಾಕ್ಸ್‌ನಲ್ಲಿ ಮೊದಲು 7ಬಿ ಬಂತು, ಐಡಿಇಗೆ ಬದಲಾಯಿಸಿದೆ, ಎದ್ದು ಕೂತಿತು. ಆ ಹಸಿರು ಗುಡ್ಡ, ನೀಲಿ ಆಕಾಶ ನೋಡಿ ನಮ್ಮ ಮನೆಯವಳು "ಅಯ್ಯೋ, ನಮ್ಮ ಕಾಲೇಜ್ ಲ್ಯಾಬು" ಅಂದಳು.

ಇಪ್ಪತ್ತು ವರ್ಷದ ಲಗ್ನಪತ್ರಿಕೆ ಎಲ್ಲ ಸೇರಿ ಮೂರು ಜಿಬಿ ಕೂಡ ಇಲ್ಲ. ಒಂದು ಪೆನ್‌ಡ್ರೈವಿಗೆ ಹಾಕಿ ಮಾವನ ಕೈಗೆ ಕೊಟ್ಟೆ. ತಿರುಗಿಸಿ ತಿರುಗಿಸಿ ನೋಡಿದರು. "ಇಷ್ಟೇನಾ" ಅಂದರು. ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ ಅದನ್ನು ಗಲ್ಲಾಪೆಟ್ಟಿಗೆಯಲ್ಲಿ ಲಕ್ಷ್ಮಿ ಫೋಟೋ ಹಿಂದೆ ಇಟ್ಟರು. ಆಫ್‌ಸೈಟ್ ಬ್ಯಾಕಪ್ ಅಂತ ಇನ್ನೊಂದು ನನ್ನ ಹತ್ತಿರ ಇದೆ.

"ದಿನಾ ಬಳಸೋದು ಯಾವುದು" ಅಂತ ಕೇಳಿದ್ದಕ್ಕೆ ಮೊಳೆಯವರು ಹೇಳಿದ ಹಾಗೇ ಆಯಿತು. ಹನ್ನೆರಡಲ್ಲ, ಒಂಬತ್ತು. ಮಾವ ಈಗ ದಿನಕ್ಕೆ ಒಂದರಂತೆ ಟೈಪ್ ಮಾಡುತ್ತಿದ್ದಾರೆ. ಕಗಪ ಕೀಲಿಮಣೆಯಲ್ಲಿ ಮೊದಲ ಸಾಲು ಹೊಡೆದಾಗ ಬೆರಳು ಒಂದು ಕಡೆಯೂ ತಡವರಿಸಲಿಲ್ಲ. ಅರ್ಕಾವತ್ತು ಬಂದಲ್ಲಿ ಮಾತ್ರ ನಿಂತು, ತೆರೆಯ ಹತ್ತಿರ ಮುಖ ಕೊಂಡುಹೋಗಿ, "ಇದೇ ಹೋಗಿ ಕೂತ್ಕೊಳ್ತಲ್ಲೋ" ಅಂದರು. ಮುಹೂರ್ತ ಸರಿಯಾಗಿತ್ತು.

ಪ್ರಾಂಪ್ಟ್ ಪಂಡಿತರು ಹೇಳಿದ್ದನ್ನೂ ಸುಮ್ನೆ ಒಂದಕ್ಕೆ ಮಾಡಿ ನೋಡಿದೆ. ನಮ್ಮ ಅಪ್ಪ ಅಮ್ಮನ ಷಷ್ಟ್ಯಬ್ದಿ ಪತ್ರಿಕೆ. ಎಲ್ಲ ಸರಿ ಬಂತು, ನನ್ನ ಹೆಸರೊಂದು ಬಿಟ್ಟು.

ಈಗ ಹೊಸ ತಲೆನೋವು. ಬಟರ್ ಶೀಟ್ ಮೇಲೆ ಪ್ರಿಂಟ್ ತೆಗೆಯುವ ಮಾವನ ಲೇಸರ್ ಪ್ರಿಂಟರ್ ಪ್ಯಾರಲಲ್ ಪೋರ್ಟಿನದು. ಹೊಸ ಕಂಪ್ಯೂಟರಿನಲ್ಲಿ ಆ ತೂತೇ ಇಲ್ಲ. ಹೊಸ ಪ್ರಿಂಟರ್ ಅಂದರೆ ಮಾವ ಮತ್ತೆ ಕನ್ನಡಕ ಏರಿಸುತ್ತಾರೆ. ಯಾರಾದರೂ ಪ್ಯಾರಲಲ್‌ನಿಂದ ಯುಎಸ್‌ಬಿಗೆ ಹೋಗುವ ಕೇಬಲ್ ಬಳಸಿದ್ದೀರಾ? ನಿಜವಾಗಿ ಕೆಲಸ ಮಾಡುತ್ತದಾ?

ಎಸ್‌ಪಿ_ರೋಡ್_ಅಲೆಮಾರಿ:

ಕೆಲವಕ್ಕೆ ಮಾಡುತ್ತದೆ, ಕೆಲವಕ್ಕೆ ಮಾಡುವುದಿಲ್ಲ. ಪ್ರಿಂಟರ್ ಮಾಡೆಲ್ ನಂಬರ್ ಹಾಕು, ನೋಡೋಣ.

ಮೊಳೆ_ಜೋಡಿಸಿದವ:

ಮಾಡೆಲ್ ಆಮೇಲೆ. ಶ್ರಾವಣಕ್ಕೆ ಇನ್ನು ಎಷ್ಟು ದಿನ ಇದೆ, ಅದನ್ನು ಮೊದಲು ನೋಡಿ ಹೇಳು.